ಊಟ ಮಾಡಿದ ಮಕ್ಕಳು ‘ಈಟನ್ ಚಿಲ್ಡ್ರನ್’ ಅಲ್ಲ: ಇಂಗ್ಲಿಷಿನ ವಿ3 ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಪಿಯುಸಿ ಮಕ್ಕಳು, ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟವರು, ಹೋಟೆಲಿಗೆ ಮೆನು ಬರೆಯಬೇಕಾದವರು, ಹೀಗೆ ನಾನಾ ತರದ ಜನ ಬರುತ್ತಾರೆ. ಬ್ಯಾಚು ಬದಲಾದರೂ ಪ್ರಶ್ನೆಗಳು ಬದಲಾಗುವುದಿಲ್ಲ. ಪ್ರತಿ ಸಲ ಬೋರ್ಡಿನಲ್ಲಿ ಬರೆದು ಅಳಿಸುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಪಾಸ್ಟ್ ಪಾರ್ಟಿಸಿಪಲ್ ಅಂದರೆ ಎಂತ?

ಶಾಲೆಯಲ್ಲಿ ‘ಗೋ, ವೆಂಟ್, ಗಾನ್’, ‘ಈಟ್, ಏಟ್, ಈಟನ್’ ಎಂದು ಬಾಯಿಪಾಠ ಮಾಡಿದ್ದೀರಲ್ಲ, ಅದರ ಮೂರನೇ ಸಾಲು. ನಾವು ಸುಮ್ನೆ ವಿ3 ಅನ್ನುತ್ತೇವೆ. ಅದನ್ನು ನಾಮಪದದ ಮುಂದೆ ಇಟ್ಟರೆ ಅದು ವಿಶೇಷಣದ ಕೆಲಸ ಮಾಡುತ್ತದೆ: ‘ಬ್ರೋಕನ್ ಚೇರ್’ ಮುರಿದ ಕುರ್ಚಿ, ‘ಲಾಕ್ಡ್ ಡೋರ್’ ಬೀಗ ಹಾಕಿದ ಬಾಗಿಲು. ಹೆಸರಿನಲ್ಲಿ ‘ಪಾಸ್ಟ್’ ಇದೆ ಎಂದು ಹೆದರಬೇಡಿ. ಬೀಗ ಹಾಕಿದ ಬಾಗಿಲು ನಾಳೆಯೂ ‘ಲಾಕ್ಡ್ ಡೋರ್’ ಆಗಿರಬಹುದು.

ಮುರಿದ ಕುರ್ಚಿ ‘ಬ್ರೋಕನ್ ಚೇರ್’ ಆದರೆ ಊಟ ಮಾಡಿದ ಮಕ್ಕಳು ‘ಈಟನ್ ಚಿಲ್ಡ್ರನ್’ ಯಾಕೆ ಆಗುವುದಿಲ್ಲ?

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹೊಸದಾಗಿ ಮೇಷ್ಟ್ರಾದಾಗ ಒಂದು ಶಾಲೆಯ ವಾರ್ಷಿಕೋತ್ಸವದ ಊಟಕ್ಕೆ ಬೋರ್ಡು ಬರೆಯಲು ಹೇಳಿದರು. ಊಟ ಆದ ಮಕ್ಕಳು ಈ ಕಡೆಯಿಂದ ಹೊರಗೆ ಹೋಗಬೇಕು, ಅಷ್ಟೇ ವಿಷಯ. ನಾನು ‘ಈಟನ್ ಚಿಲ್ಡ್ರನ್ ದಿಸ್ ವೇ’ ಎಂದು ದಪ್ಪಕ್ಷರದಲ್ಲಿ ಬರೆದೆ. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಓದಿ, ‘ತಿಂದವರು ಯಾರು ಮಾರಾಯ್ರೆ?’ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಅದರ ಅರ್ಥ ‘ಯಾರೋ ತಿಂದುಬಿಟ್ಟ ಮಕ್ಕಳು’.

ತಪ್ಪು ಎಲ್ಲಿ ಹುಟ್ಟುತ್ತದೆ ನೋಡಿ. ಕನ್ನಡದ ‘ತಿಂದ’ ಬಹಳ ಉದಾರಿ. ಯಾವ ನಾಮಪದ ಬಂದರೂ ಅಂಟಿಕೊಳ್ಳುತ್ತದೆ. ‘ತಿಂದ ಹಣ್ಣು’ ಎಂದರೆ ಹಣ್ಣು ಹೊಟ್ಟೆಗೆ ಹೋಯಿತು. ‘ಹಣ್ಣು ತಿಂದ ಹುಡುಗ’ ಎಂದರೆ ಹುಡುಗನ ಹೊಟ್ಟೆಗೆ ಹೋಯಿತು. ‘ಊಟ ಮಾಡಿದ ತಟ್ಟೆ’, ‘ಊಟ ಮಾಡಿದ ಕೈ’, ‘ಊಟ ಮಾಡಿದ ಹೋಟೆಲು’, ಎಲ್ಲವೂ ಸರಿ. ತಟ್ಟೆ ಊಟ ಮಾಡಲಿಲ್ಲ, ಅದನ್ನು ಯಾರೂ ತಿನ್ನಲೂ ಇಲ್ಲ. ಆದರೂ ನಮಗೆ ಗೊಂದಲ ಆಗುವುದಿಲ್ಲ. ತುಳುವಿನಲ್ಲೂ ಹೀಗೆಯೇ. ‘ಬತ್ತಿನ ಬಿನ್ನೆರ್’ ಅಂದರೆ ಬಂದ ನೆಂಟರು, ಮುಗಿಯಿತು.

ಇಂಗ್ಲಿಷಿನ ವಿ3 ಅಷ್ಟು ಉದಾರಿ ಅಲ್ಲ. ಕರ್ಮ ಬೇಡುವ ಕ್ರಿಯಾಪದವಾದರೆ ಅದು ಕೆಲಸ ಮಾಡಿದವನ ಕಡೆ ಸಾಮಾನ್ಯವಾಗಿ ತಿರುಗುವುದೇ ಇಲ್ಲ. ಕೆಲಸ ಯಾರ ಮೇಲೆ ಅಥವಾ ಯಾವುದರ ಮೇಲೆ ನಡೆಯಿತೋ ಅದರ ಮುಂದೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪೆಟ್ಟು ಬಿದ್ದದ್ದು ಯಾರಿಗೆ? ಕುರ್ಚಿಗೆ ಬಿತ್ತು, ಆದ್ದರಿಂದ ‘ಬ್ರೋಕನ್ ಚೇರ್’. ಮಕ್ಕಳಿಗೆ ಬೀಳಲಿಲ್ಲ, ಅನ್ನಕ್ಕೆ ಬಿತ್ತು. ಆಗ ವಿ3ಯನ್ನು ನಾಮಪದದ ಮುಂದೆ ಇಡುವುದು ಬಿಟ್ಟು ‘ಚಿಲ್ಡ್ರನ್ ಹೂ ಹ್ಯಾವ್ ಈಟನ್’ ಎಂದು ಉದ್ದಕ್ಕೆ ಹೇಳಬೇಕು. ಬೇರೆ ದಾರಿ ಇಲ್ಲ.

ಹಾಗಾದರೆ ‘ಫಾಲನ್ ಲೀವ್ಸ್’, ‘ರಿಟೈರ್ಡ್ ಟೀಚರ್’ ಹೇಗೆ ಸರಿ? ಎಲೆಯನ್ನು ಯಾರೂ ಬೀಳಿಸಲಿಲ್ಲವಲ್ಲ?

ಒಳ್ಳೆಯ ಪ್ರಶ್ನೆ. ಬೀಳು, ಬಾಡು, ನಿವೃತ್ತಿಯಾಗು, ತಪ್ಪಿಸಿಕೊಂಡು ಹೋಗು, ಇವಕ್ಕೆ ಕರ್ಮವೇ ಇಲ್ಲ. ಇಂಥ ಕೆಲವು ಕ್ರಿಯಾಪದಗಳ ವಿ3ಯನ್ನು ಇಂಗ್ಲಿಷ್ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಒಂದು ಷರತ್ತು. ಕೆಲಸ ಮುಗಿದ ಮೇಲೆ ಆ ವಸ್ತುವಿನ ಸ್ಥಿತಿಯೇ ಬದಲಾಗಿರಬೇಕು. ಬಿದ್ದ ಎಲೆ ಈಗ ಮರದಲ್ಲಿ ಇಲ್ಲ. ನಿವೃತ್ತ ಮೇಷ್ಟ್ರು ಈಗ ಕ್ಲಾಸಿಗೆ ಹೋಗುವುದಿಲ್ಲ. ‘ಎಸ್ಕೇಪ್ಡ್ ಪ್ರಿಸನರ್’ ಈಗ ಜೈಲಿನಲ್ಲಿಲ್ಲ.

ಮಲಗಿದ ಮಗು ‘ಸ್ಲೆಪ್ಟ್ ಬೇಬಿ’ ಆಗುವುದಿಲ್ಲ. ‘ಸ್ಲೀಪಿಂಗ್ ಬೇಬಿ’ ಆಗಬೇಕು. ಸ್ಟೇಟ್ ಬ್ಯಾಂಕ್ ಬಳಿ ನಿಂತ ಬಸ್ಸು ‘ಸ್ಟುಡ್ ಬಸ್’ ಅಲ್ಲ, ‘ಪಾರ್ಕ್ಡ್ ಬಸ್’. ಬಸ್ಸನ್ನು ಡ್ರೈವರ್ ಪಾರ್ಕ್ ಮಾಡಿದ್ದಾನೆ, ಪೆಟ್ಟು ಬಸ್ಸಿಗೇ ಬಿದ್ದಿದೆ ಎಂಬ ಲೆಕ್ಕ.

ಇನ್ನು ‘ಅರೈವ್ಡ್ ಗೆಸ್ಟ್ಸ್’ ಅನ್ನುವಂತಿಲ್ಲ. ಆದರೆ ಮುಂದೆ ಒಂದು ‘ನ್ಯೂಲಿ’ ಹಾಕಿ, ‘ನ್ಯೂಲಿ ಅರೈವ್ಡ್ ಗೆಸ್ಟ್ಸ್’ ಅನ್ನಿ, ಕೂಡಲೇ ಸರಿ ಆಗುತ್ತದೆ. ಒಂಟಿಯಾಗಿ ಬಂದರೆ ಬಾಗಿಲು ತೆಗೆಯದವರು ಜೊತೆಗೆ ಪರಿಚಯದವರು ಇದ್ದರೆ ತೆಗೆಯುತ್ತಾರಲ್ಲ, ಹಾಗೆ. ‘ವೆಲ್-ರೆಡ್ ಮ್ಯಾನ್’ ಕೂಡ ಇದೇ ಗುಂಪಿನದು. ‘ರೆಡ್ ಮ್ಯಾನ್’ ಎಂದರೆ ಯಾರೋ ಅವನನ್ನು ಓದಿದ ಹಾಗೆ ಆಗುತ್ತದೆ. ‘ವೆಲ್-ರೆಡ್’ ಎಂದರೆ ಮಾತ್ರ ತುಂಬಾ ಓದಿಕೊಂಡವನು. ‘ಸಾಫ್ಟ್-ಸ್ಪೋಕನ್’, ‘ವೆಲ್-ಟ್ರಾವೆಲ್ಡ್’ ಇವೂ ಕೆಲಸ ಮಾಡಿದವನ ಕಡೆಗೇ ತಿರುಗಿದ ಅಪರೂಪದವು. ನಿಯಮ ಹುಡುಕಲು ಹೋಗಬೇಡಿ, ನೆನಪಿಟ್ಟುಕೊಳ್ಳಿ.

ವಿ3 ಮುಂದೆ ನಾಮಪದ ಸೇರಿಸುವುದು ಹೇಗೆ? ‘ಹ್ಯಾಂಡ್‌ಮೇಡ್’ ತರಹ.

ಇದು ನನಗೆ ಬಹಳ ಇಷ್ಟದ ಭಾಗ. ಕನ್ನಡದಲ್ಲಿ ಹೇಳುವಾಗ ವಿಭಕ್ತಿ ಬೇಕೇ ಬೇಕು: ಕೈಯಿಂದ ಕಟ್ಟಿದ ಬೀಡಿ, ಬಿಸಿಲಲ್ಲಿ ಒಣಗಿಸಿದ ಅಡಿಕೆ, ಮಳೆಗೆ ನೆನೆದ ಪುಸ್ತಕ. ಇಂಗ್ಲಿಷಿನಲ್ಲಿ ಈ ಇಂದ, ಅಲ್ಲಿ, ಗೆ ಎಲ್ಲ ಉದುರಿಹೋಗುತ್ತವೆ. ಬರೀ ನಾಮಪದ, ಒಂದು ಅಡ್ಡಗೆರೆ, ಒಂದು ವಿ3. ‘ಹ್ಯಾಂಡ್-ರೋಲ್ಡ್ ಬೀಡಿ’, ‘ಸನ್-ಡ್ರೈಡ್ ಅರೆಕಾನಟ್’, ‘ರೈನ್-ಸೋಕ್ಡ್ ಬುಕ್’.

ಉದುರಿದ ವಿಭಕ್ತಿ ಯಾವುದು ಎಂದು ಓದುವವನೇ ಊಹಿಸಬೇಕು. ‘ಸ್ಟೇಟ್-ಓನ್ಡ್’ ಅಂದರೆ ಸರಕಾರ ಒಡೆತನದ್ದು, ಇಲ್ಲಿ ನಾಮಪದವೇ ಕರ್ತೃ. ‘ಮೆಷೀನ್-ಕಟ್’ ಅಂದರೆ ಯಂತ್ರ ಒಂದು ಸಾಧನ. ‘ಹೋಮ್-ಕುಕ್ಡ್’ ಎಂಬಲ್ಲಿ ಮನೆ ಬರೀ ಜಾಗ. ಮನೆ ಅಡುಗೆ ಮಾಡಲಿಲ್ಲ, ಮನೆಯಲ್ಲಿ ಅಮ್ಮ ಮಾಡಿದರು. ‘ಉಡುಪಿ-ಬಾರ್ನ್’ ಕೂಡ ಹಾಗೆ. ‘ಹಾರ್ಟ್‌ಬ್ರೋಕನ್’ ಎಂಬಲ್ಲಿ ಮುರಿದದ್ದು ಹೃದಯವೇ.

ಹುಳ ತಿಂದ ಹಲಸಿನಹಣ್ಣು ‘ವರ್ಮ್-ಈಟನ್ ಜ್ಯಾಕ್‌ಫ್ರೂಟ್’. ಇಲ್ಲಿ ಕನ್ನಡದ ಪದಕ್ರಮವೂ ಇಂಗ್ಲಿಷಿನದ್ದೂ ಒಂದೇ! ಹುಳ, ತಿಂದ, ಹಲಸು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಎಲ್ಲರಿಗೂ ಖುಷಿ. ಆದರೆ ಆ ಖುಷಿಯ ಹಿಂದೆಯೇ ಹುಲಿ ಕೂತಿದೆ. ‘ಹುಲಿ ಕೊಂದ ಯುವಕ’ ಎಂದು ಕನ್ನಡದಲ್ಲಿ ಬರೆದರೆ ಯಾರು ಸತ್ತರು ಎಂದು ಗೊತ್ತಾಗುವುದಿಲ್ಲ. ಯುವಕ ಹುಲಿಯನ್ನು ಕೊಂದನಾ, ಹುಲಿ ಯುವಕನನ್ನು ಕೊಂದಿತಾ? ಇಂಗ್ಲಿಷಿನಲ್ಲಿ ಆ ಅನುಮಾನ ಇಲ್ಲ. ‘ಟೈಗರ್-ಕಿಲ್ಡ್’ ಎಂದು ಯಾರಾದರೂ ಬರೆದರೆ ಹೋದವನು ಯುವಕನೇ. ಹುಲಿ ಹೋಗಬೇಕಾದರೆ ‘ಟೈಗರ್-ಕಿಲ್ಲಿಂಗ್’ ಬೇಕು.

ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲಿ ‘ಸೀ-ಫೇಸಿಂಗ್’ ಅಂತಾರೆ. ‘ಸೀ-ಫೇಸ್ಡ್’ ಯಾಕಲ್ಲ?

ಮೇಲಿನ ಹುಲಿಯ ಲೆಕ್ಕವೇ. ಸಮುದ್ರದ ಕಡೆ ಮುಖ ಮಾಡಿರುವುದು ಫ್ಲ್ಯಾಟು, ಅಂದರೆ ಕೆಲಸ ಫ್ಲ್ಯಾಟಿನದು. ಅದಕ್ಕೆ ಇಂಗ್. ‘ಸೀ-ಫೇಸ್ಡ್’ ಎಂದರೆ ಫ್ಲ್ಯಾಟಿಗೆ ಸಮುದ್ರದಂಥ ಮುಖ ಇದೆ ಎಂದಾದೀತು.

‘ಬಾಯ್ಲ್ಡ್ ರೈಸ್’ ಕೇಳಿದರೆ ಹೊರಗಿನವರಿಗೆ ಕುಚ್ಚಲಕ್ಕಿ ಅಂತ ಯಾಕೆ ಅರ್ಥ ಆಗುವುದಿಲ್ಲ?

ನಮ್ಮ ಕಡೆ ‘ಬಾಯ್ಲ್ಡ್ ರೈಸ್’ ಎಂದರೆ ಕುಚ್ಚಲಕ್ಕಿ, ‘ವೈಟ್ ರೈಸ್’ ಎಂದರೆ ಬೆಳ್ತಿಗೆ. ಹೋಟೆಲಿನಲ್ಲಿ ಮಾಣಿ ಕೇಳುವುದೇ ಹಾಗೆ. ಆದರೆ ಲಂಡನ್ನಿನಲ್ಲಿ ‘ಬಾಯ್ಲ್ಡ್ ರೈಸ್’ ಅಂದರೆ ಬೇಯಿಸಿದ ಅನ್ನ, ಅಕ್ಕಿ ಯಾವುದೇ ಆಗಿರಲಿ. ವಿ3 ಸರಿಯೇ ಇದೆ. ಯಾವ ಹಂತದಲ್ಲಿ ಬೇಯಿಸಿದ್ದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ನಾವು ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಕೊಡುತ್ತೇವೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಪಾರ್‌ಬಾಯ್ಲ್ಡ್ ರೈಸ್’ ಅನ್ನಬೇಕು, ಅರೆ ಬೇಯಿಸಿದ್ದು.

ಈ ‘ಪಾರ್’ ಒಂದು ತಮಾಷೆ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ‘ಪೂರ್ತಿ ಬೇಯಿಸು’ ಎಂಬ ಅರ್ಥ ಇತ್ತು. ಜನ ಅದರಲ್ಲಿ ‘ಪಾರ್ಟ್’ ಕೇಳಿಸಿಕೊಂಡು ಅರ್ಥವನ್ನೇ ತಿರುಗಿಸಿಬಿಟ್ಟರು.

‘ಡ್ರೈ ಫಿಶ್’ ಸರಿಯಾ, ‘ಡ್ರೈಡ್ ಫಿಶ್’ ಸರಿಯಾ?

ಒಣಮೀನಿಗೆ ‘ಡ್ರೈಡ್ ಫಿಶ್’. ಯಾರೋ ಉಪ್ಪು ಹಾಕಿ ಬಿಸಿಲಿಗೆ ಹರಡಿ ಒಣಗಿಸಿದ್ದಾರೆ ಎಂಬುದು ಅದರಲ್ಲಿ ಇದೆ. ‘ಡ್ರೈ’ ಎಂದರೆ ಬರೀ ಸ್ಥಿತಿ, ಈಗ ಒದ್ದೆ ಇಲ್ಲ ಅಷ್ಟೇ. ಟವೆಲಿನಿಂದ ಒರೆಸಿದ ಬಂಗುಡೆಯೂ ‘ಡ್ರೈ ಫಿಶ್’ ಆದೀತು! ಹಾಗಂತ ಬಂದರಿನಲ್ಲಿ, ಮಲ್ಪೆಯಲ್ಲಿ ಎಲ್ಲರೂ ‘ಡ್ರೈ ಫಿಶ್’ ಅನ್ನುತ್ತಾರೆ, ವ್ಯಾಪಾರ ನಡೆಯುತ್ತದೆ. ಎಕ್ಸ್‌ಪೋರ್ಟ್ ಕಾಗದದಲ್ಲಿ ಮಾತ್ರ ‘ಡ್ರೈಡ್’ ಹಾಕಿ.

ಇದಕ್ಕಿಂತ ಜಾಸ್ತಿ ಕಾಡುವುದು ಅಂಗಡಿ ಬಾಗಿಲಿನ ಬೋರ್ಡು. ಒಂದು ಕಡೆ ‘ಕ್ಲೋಸ್ಡ್’ ಎಂದಿದೆ, ಹಾಗಾಗಿ ಮತ್ತೊಂದು ಕಡೆ ‘ಓಪನ್ಡ್’ ಇರಬೇಕು ಎಂದು ಎಷ್ಟೋ ಜನ ಬರೆಸುತ್ತಾರೆ. ಅವರದ್ದು ತಪ್ಪಲ್ಲ, ತರ್ಕ ಸರಿಯೇ. ನಮ್ಮ ‘ತೆರೆದಿದೆ’, ‘ಮುಚ್ಚಿದೆ’ ಎರಡೂ ಒಂದೇ ಅಚ್ಚಿನವು. ಇಂಗ್ಲಿಷಿನಲ್ಲಿ ‘ಓಪನ್’ ಎಂಬುದು ಹುಟ್ಟಾ ವಿಶೇಷಣ, ಅದಕ್ಕೆ ವಿ3ಯ ಹಂಗು ಇಲ್ಲ. ಮುಚ್ಚಿದ ಅಂಗಡಿಗೆ ಅಂಥ ಸಿದ್ಧ ವಿಶೇಷಣ ಇಲ್ಲ. ‘ಕ್ಲೋಸ್’ ಎಂದು ಬರೆದರೆ ಹತ್ತಿರ ಎಂದಾಗುತ್ತದೆ. ಅದಕ್ಕೆ ‘ಕ್ಲೋಸ್ಡ್’ ಸಾಲ ತಂದಿದ್ದು.

‘ಫಿಶ್ ಫ್ರೈ’, ‘ಘೀ ರೋಸ್ಟ್’ ತಪ್ಪಾ? ‘ಫ್ರೈಡ್ ಫಿಶ್’ ಅನ್ನಬೇಕಾ?

ಎರಡೂ ಬೇರೆ. ‘ಫ್ರೈಡ್ ಫಿಶ್’ ಎಂದರೆ ಹುರಿದ ಮೀನು, ಅಲ್ಲಿ ಮೀನು ಮುಖ್ಯ. ‘ಅಂಜಲ್ ಫ್ರೈ’ ಎಂದರೆ ಒಂದು ಖಾದ್ಯದ ಹೆಸರು. ಕುಂದಾಪುರದ ಕಡೆಯ ಚಿಕನ್ ಘೀ ರೋಸ್ಟನ್ನು ‘ಘೀ-ರೋಸ್ಟೆಡ್ ಚಿಕನ್’ ಎಂದು ಮೆನುವಿನಲ್ಲಿ ತಿದ್ದಿದರೆ ವ್ಯಾಕರಣ ಉಳಿದೀತು, ಗಿರಾಕಿ ಉಳಿಯಲಾರ. ದಯವಿಟ್ಟು ತಿದ್ದಬೇಡಿ.

ವಿ3ಯ ಬಾಲ ಉದುರುವುದು ಇಂಗ್ಲಿಷರಲ್ಲೂ ಹೊಸತಲ್ಲ. ಮಂಗಳೂರಿನಲ್ಲಿ ಕೂತು ಐಸ್‌ಕ್ರೀಮಿನ ಮಾತು ತೆಗೆಯದಿದ್ದರೆ ಹೇಗೆ? ಅದು ಮೊದಲು ‘ಐಸ್ಡ್ ಕ್ರೀಮ್’ ಆಗಿತ್ತು. ‘ಪಾಪ್ಡ್ ಕಾರ್ನ್’ ಪಾಪ್‌ಕಾರ್ನ್ ಆಯಿತು. ‘ಸ್ಕಿಮ್ಡ್ ಮಿಲ್ಕ್’ ಅಮೆರಿಕದಲ್ಲಿ ‘ಸ್ಕಿಮ್ ಮಿಲ್ಕ್’ ಆಗಿದೆ. ಈಗ ‘ಐಸ್ಡ್ ಟೀ’ಯ ಸರದಿ. ಕಾರಣ ನಾಲಗೆಯಲ್ಲಿದೆ. ‘ಐಸ್ಡ್’ ಎಂದು ಬರೆದರೂ ಬಾಯಲ್ಲಿ ‘ಐಸ್ಟ್’ ಆಗುತ್ತದೆ. ಅದರ ಹಿಂದೆಯೇ ‘ಟೀ’ ಬಂದರೆ ಎರಡು ಟಕಾರ ಒಂದರೊಳಗೊಂದು ಮುಳುಗುತ್ತವೆ. ಕೇಳಿಸದ ಅಕ್ಷರವನ್ನು ಎಷ್ಟು ದಿನ ಬರೆಯುತ್ತಾರೆ?

‘ಬಾಯಿಲೆಡ್’, ‘ವಾಕೆಡ್’ ಎಂದು ಓದುವುದು ತಪ್ಪಾ?

ಹೌದು. ಟ ಅಥವಾ ಡ ಶಬ್ದದ ಮೇಲೆ ಬಂದಾಗ ಮಾತ್ರ ‘ಇಡ್’: ರೋಸ್ಟೆಡ್, ಲೋಡೆಡ್. ಕ, ಪ, ಸ, ಶ, ಚ, ಫ ಆದ ಮೇಲೆ ‘ಟ್’: ಕುಕ್ಟ್, ಚಾಪ್ಟ್. ಉಳಿದ ಕಡೆ ‘ಡ್’.

ಕೆಲವು ಹಳೇ ಪದಗಳು ಮಾತ್ರ ವಿಶೇಷಣವಾದಾಗ ಪೂರ್ತಿ ‘ಇಡ್’ ಉಚ್ಚಾರದಲ್ಲೇ ಉಳಿದಿವೆ. ಕೋರ್ಟಿನಲ್ಲಿ ವಕೀಲರು ‘ಮೈ ಲರ್ನೆಡ್ ಫ್ರೆಂಡ್’ ಅನ್ನುತ್ತಾರಲ್ಲ, ಅದು. ‘ಏಜೆಡ್’ ಅಂದರೆ ಮುದುಕರು, ಆದರೆ ‘ಏಜ್ಡ್ 45’ ಅಂದರೆ ವಯಸ್ಸು 45.

‘ಡೀಪ್-ಫ್ರೈಡ್’ ಯಾಕೆ? ‘ಡೀಪ್ಲಿ’ ಆಗಬೇಕಿತ್ತಲ್ವಾ?

ಗೋಳಿಬಜೆಯನ್ನು ಆಳವಾದ ಎಣ್ಣೆಯಲ್ಲಿ ಕರಿಯುತ್ತೇವೆ. ಆಳ ಎಣ್ಣೆಗೆ, ಭಾವನೆಗೆ ಅಲ್ಲ. ‘ಡೀಪ್ಲಿ ಫ್ರೈಡ್’ ಎಂದರೆ ಗಾಢವಾಗಿ ಕರಿದ ಹಾಗೆ ಕೇಳಿಸುತ್ತದೆ. ವಿಶೇಷಣ ಮತ್ತು ವಿ3 ಸೇರಿದಾಗ ಆ ವಿಶೇಷಣ ಬಹಳ ಸಲ ಕೆಲಸದ ಫಲ ಏನು ಎಂದು ಹೇಳುತ್ತದೆ. ‘ಹಾರ್ಡ್-ಬಾಯ್ಲ್ಡ್ ಎಗ್’ ಅಂದರೆ ಗಟ್ಟಿಯಾಗುವ ತನಕ ಬೇಯಿಸಿದ್ದು. ನಮ್ಮ ‘ಹಾಫ್ ಬಾಯ್ಲ್ಡ್’ಗೆ ಹೊರಗಡೆ ‘ಸಾಫ್ಟ್-ಬಾಯ್ಲ್ಡ್’ ಅನ್ನುತ್ತಾರೆ. ‘ರೆಡಿಮೇಡ್’ ಅಂದರೆ ಮಾಡಿ ಮುಗಿಸಿ ತಯಾರಾದದ್ದು.

‘ರೆಡ್-ಟೈಲ್ಡ್ ಹೌಸ್’ನಲ್ಲಿ ಕ್ರಿಯಾಪದ ಎಲ್ಲಿದೆ?

ಇಲ್ಲ! ಇದು ವೇಷ ಹಾಕಿದ ವಿ3. ‘ಕೆಂಪು ಹೆಂಚು’ ಎಂಬ ಎರಡು ಪದಕ್ಕೆ ಬರೀ ಒಂದು ‘ಎಡ್’ ಅಂಟಿಸಿ ‘ಉಳ್ಳ’ ಎಂಬ ಅರ್ಥ ತಂದಿದ್ದಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಊರಿಗೆ ಊರೇ ‘ರೆಡ್-ಟೈಲ್ಡ್’ ಆಯಿತು ಅನ್ನಿ. ‘ಬ್ಲೂ-ಐಡ್’, ‘ಲೆಫ್ಟ್-ಹ್ಯಾಂಡೆಡ್’, ‘ಶಾರ್ಟ್-ಟೆಂಪರ್ಡ್’ ಎಲ್ಲ ಇದೇ ಜಾತಿ. ಮುಂಗೋಪಿಯ ಕೋಪವನ್ನು ಯಾರೂ ಗಿಡ್ಡ ಮಾಡಿಲ್ಲ, ಅವನಿಗೆ ಇರುವುದೇ ಗಿಡ್ಡ ಸಹನೆ. ಇಲ್ಲಿ ‘ಪೆಟ್ಟು ಯಾರಿಗೆ’ ಎಂಬ ಪ್ರಶ್ನೆ ಕೇಳಬೇಡಿ, ಉತ್ತರ ಸಿಗುವುದಿಲ್ಲ. ‘ಏನು ಉಳ್ಳವನು’ ಎಂದು ಕೇಳಿ.

ಈ ವೇಷ ಇಂಗ್ಲಿಷರಲ್ಲೇ ಕೆಲವರಿಗೆ ಹಿಡಿಸಿರಲಿಲ್ಲ. ಕವಿ ಕೋಲ್‌ರಿಜ್‌ಗೆ ‘ಟ್ಯಾಲೆಂಟೆಡ್’ ಪದ ಕಂಡರೆ ಆಗುತ್ತಿರಲಿಲ್ಲ. ನಾಮಪದದಿಂದ ಹೀಗೆ ವಿ3 ಮಾಡುವುದಾದರೆ ಶಿಲ್ಲಿಂಗ್‌ನಿಂದ ‘ಶಿಲ್ಲಿಂಗ್ಡ್’ ಯಾಕೆ ಬೇಡ ಎಂದು 1832ರಲ್ಲಿ ಸಿಡುಕಿದ್ದ. ಅವನ ಸಿಡುಕು ಉಳಿಯಲಿಲ್ಲ, ‘ಟ್ಯಾಲೆಂಟೆಡ್’ ಉಳಿಯಿತು.

ಅರ್ಜಿಯಲ್ಲಿ ‘ಕನ್ಸರ್ನ್ಡ್ ಆಫೀಸರ್’ ಬರೆದರೆ ತಪ್ಪಾ?

ನಮ್ಮ ದೇಶದಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ. ಹೊರಗೆ ಹಿಡಿಯುತ್ತಾರೆ. ವಿ3 ನಾಮಪದದ ಹಿಂದೆ ಬಂದರೆ ಒಂದು ಅರ್ಥ, ಮುಂದೆ ಬಂದರೆ ಬೇರೆ ಅರ್ಥ ಆಗುವ ಕೆಲವು ಜೋಡಿಗಳಿವೆ. ‘ದಿ ಆಫೀಸರ್ ಕನ್ಸರ್ನ್ಡ್’ ಎಂದರೆ ಸಂಬಂಧಪಟ್ಟ ಅಧಿಕಾರಿ. ‘ಎ ಕನ್ಸರ್ನ್ಡ್ ಆಫೀಸರ್’ ಎಂದರೆ ಚಿಂತೆಗೆ ಬಿದ್ದ ಅಧಿಕಾರಿ. ನಿಮ್ಮ ಕಡತದ ಬಗ್ಗೆ ಅಷ್ಟು ಚಿಂತೆ ಮಾಡುವ ಅಧಿಕಾರಿ ಸಿಕ್ಕರೆ ನಿಮ್ಮ ಪುಣ್ಯ. ‘ದಿ ಪೀಪಲ್ ಇನ್ವಾಲ್ವ್ಡ್’ ಎಂದರೆ ಅದರಲ್ಲಿ ಭಾಗಿಯಾದವರು, ‘ಆನ್ ಇನ್ವಾಲ್ವ್ಡ್ ಸ್ಟೋರಿ’ ಎಂದರೆ ಸಿಕ್ಕುಸಿಕ್ಕಾದ ಕಥೆ.

ಅಡ್ಡಗೆರೆ ಯಾವಾಗ ಹಾಕಬೇಕು?

ನಾಮಪದದ ಮುಂದೆ ಇದ್ದರೆ ಹಾಕಿ: ‘ಎ ವೆಲ್-ನೋನ್ ರೈಟರ್’. ಹಿಂದೆ ಬಂದರೆ ಸಾಮಾನ್ಯವಾಗಿ ಬೇಡ: ‘ದ ರೈಟರ್ ಈಸ್ ವೆಲ್ ನೋನ್’. ‘ಲಿ’ಯಲ್ಲಿ ಮುಗಿಯುವ ಕ್ರಿಯಾವಿಶೇಷಣಕ್ಕೆ ಎಲ್ಲಿದ್ದರೂ ಬೇಡ. ನಮ್ಮ ಊರಿನ ಸಿಟಿ ಬಸ್ಸುಗಳನ್ನೇ ನೋಡಿ. ಕೆಎಸ್ಸಾರ್ಟಿಸಿ ಬಸ್ಸು ‘ಸ್ಟೇಟ್-ಓನ್ಡ್’, ಗೆರೆ ಇದೆ. ಖಾಸಗಿ ಬಸ್ಸು ‘ಪ್ರೈವೇಟ್ಲಿ ಓನ್ಡ್’, ಗೆರೆ ಇಲ್ಲ.

ಗೆರೆಯಿಂದ ಎಂತ ಆಗುತ್ತದೆ ಎಂದು ಕೇಳುವವರಿಗೆ ಒಂದು ಜಾಹೀರಾತು. ‘ಎ ಲಿಟಲ್-ಯೂಸ್ಡ್ ಕಾರ್’ ಎಂದರೆ ಅಷ್ಟೇನೂ ಓಡಿಸದ ಕಾರು. ಗೆರೆ ತೆಗೆದರೆ ‘ಎ ಲಿಟಲ್ ಯೂಸ್ಡ್ ಕಾರ್’, ಅಂದರೆ ಪುಟ್ಟದೊಂದು ಹಳೇ ಕಾರು. ರೇಟು ಬಿದ್ದೇಹೋಯಿತು!

ಬಹಳ ಬಳಸಿದ ಜೋಡಿಗಳು ಕೊನೆಗೆ ಗೆರೆ ಕಳೆದುಕೊಂಡು ಒಂದಾಗುತ್ತವೆ. ‘ಹ್ಯಾಂಡ್‌ಮೇಡ್’, ‘ಸನ್‌ಬರ್ನ್ಟ್’ ಹಾಗಾದವು. ಒಟ್ಟಾರೆ ಇಂಗ್ಲಿಷಿನಲ್ಲೇ ಗೆರೆ ಕಮ್ಮಿಯಾಗುತ್ತಿದೆ. 2007ರಲ್ಲಿ ಬಂದ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೇ ಆವೃತ್ತಿಯಲ್ಲಿ ಸುಮಾರು 16,000 ಪದಗಳ ಅಡ್ಡಗೆರೆ ತೆಗೆದರು. ಹಾಗಾಗಿ ಎರಡು ನಿಘಂಟು ಎರಡು ತರ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

‘ಡ್ರಂಕ್’, ‘ಡ್ರಂಕನ್’, ‘ಮೆಲ್ಟೆಡ್’, ‘ಮೋಲ್ಟನ್’. ಯಾವುದು ಎಲ್ಲಿ?

ಇವು ಹಳೇ ಮನೆಯ ಸಾಮಾನು. ಹಿಂದೆ ‘ಡ್ರಂಕನ್’, ‘ಸಂಕನ್’, ‘ಮೋಲ್ಟನ್’ ಎಲ್ಲ ನಿಜವಾದ ವಿ3 ಆಗಿದ್ದವು. ಈಗ ಕ್ರಿಯಾಪದದ ಕೆಲಸದಿಂದ ನಿವೃತ್ತಿಯಾಗಿ ನಾಮಪದದ ಮುಂದೆ ಕೂತಿವೆ. ‘ದ ಶಿಪ್ ಹ್ಯಾಸ್ ಸಂಕ್’, ಆದರೆ ‘ಎ ಸಂಕನ್ ಶಿಪ್’. ಕರಗುವ ವಿಷಯದಲ್ಲಿ ಶಾಖ ನೋಡಬೇಕು. ತುಪ್ಪ, ಐಸ್‌ಕ್ರೀಮು ‘ಮೆಲ್ಟೆಡ್’. ಕಬ್ಬಿಣ, ಗಾಜು, ಲಾವಾ ‘ಮೋಲ್ಟನ್’. ಮಲ್ಪೆಯಿಂದ ಬೋಟಿನಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತ ಕಲ್ಲುಗಳಿವೆಯಲ್ಲ, ಅವು ‘ಮೋಲ್ಟನ್’ ಲಾವಾ ತಣ್ಣಗಾಗಿ ಆದವು. ನಿಮ್ಮ ಕೈಯಲ್ಲಿರುವ ಗಡ್‌ಬಡ್ ಐಸ್‌ಕ್ರೀಮು ಮಾತ್ರ ‘ಮೆಲ್ಟೆಡ್’.

‘ಬೋರ್ಡ್’, ‘ಬೋರಿಂಗ್’?

ಬೋರು ಹೊಡೆಸುವವನು ಬೋರಿಂಗ್, ಹೊಡೆಸಿಕೊಂಡವನು ಬೋರ್ಡ್. ‘ಐ ಆಮ್ ಬೋರಿಂಗ್’ ಎಂದು ಯಾರ ಹತ್ತಿರವೂ ಒಪ್ಪಿಕೊಳ್ಳಬೇಡಿ.

ಮದುವೆ ಜಾಹೀರಾತಿನ ‘ವೆಲ್-ಸೆಟಲ್ಡ್’, ‘ಕಾನ್ವೆಂಟ್-ಎಜುಕೇಟೆಡ್’, ‘ಫಾರಿನ್-ರಿಟರ್ನ್ಡ್’ ಸರಿಯಾದ ಇಂಗ್ಲಿಷಾ?

ಸರಿಯಾದ ಭಾರತೀಯ ಇಂಗ್ಲಿಷು. ‘ಕಾನ್ವೆಂಟ್-ಎಜುಕೇಟೆಡ್’ ಎಲ್ಲಿಯೂ ನಡೆಯುತ್ತದೆ, ಪಾಠ ಕಲಿಸಿಕೊಂಡದ್ದು ಹುಡುಗಿಯೇ. ‘ವೆಲ್-ಸೆಟಲ್ಡ್’ ಎಂದರೆ ನಮಗೆ ಕೆಲಸ, ಮನೆ, ಸಂಬಳ ಎಲ್ಲ ಕಣ್ಣ ಮುಂದೆ ಬರುತ್ತದೆ. ಹೊರಗಿನವರಿಗೆ ಅಷ್ಟೆಲ್ಲ ಕಾಣಿಸುವುದಿಲ್ಲ. ‘ಫಾರಿನ್-ರಿಟರ್ನ್ಡ್’ ನಾವೇ ಮಾಡಿಕೊಂಡದ್ದು, ಅದರಿಂದಲೇ ನಮ್ಮ ಕರಾವಳಿಯಲ್ಲಿ ‘ಗಲ್ಫ್-ರಿಟರ್ನ್ಡ್’ ಹುಟ್ಟಿತು. ‘ರಿಟರ್ನ್ಡ್’ ಕರ್ಮವಿಲ್ಲದ ಕ್ರಿಯೆ, ಸ್ಥಿತಿ ಬದಲಾಗಿದೆ, ‘ಫಾಲನ್ ಲೀವ್ಸ್’ ಲೆಕ್ಕದಲ್ಲಿ ಪಾಸು. ನನಗೆ ಆ ಪದ ಇಷ್ಟ.

ಆದರೆ ರೆಸ್ಯೂಮೆಯಲ್ಲಿ ‘ಪಾಸ್ಡ್ ಔಟ್ ಇನ್ 2019’ ಎಂದು ಮಾತ್ರ ಹೊರದೇಶಕ್ಕೆ ಕಳಿಸಬೇಡಿ. 2019ರಲ್ಲಿ ಎಚ್ಚರ ತಪ್ಪಿ ಬಿದ್ದಿರಿ ಎಂದು ಓದಿಕೊಳ್ಳುತ್ತಾರೆ. ‘ಗ್ರ್ಯಾಜುಯೇಟೆಡ್’ ಸಾಕು.

ನಮ್ಮ ಹೋಟೆಲಿನ ಬೋರ್ಡುಗಳನ್ನೆಲ್ಲ ತಿದ್ದಬೇಕಾ?

ಎಲ್ಲ ಬೇಡ. ‘ಡ್ರೈ ಫಿಶ್ ಚಟ್ನಿ’ ಇರಲಿ, ‘ಬಾಯ್ಲ್ಡ್ ರೈಸ್ ಊಟ’ ಇರಲಿ, ಬರುವವರು ನಮ್ಮವರೇ. ಕೈ ತೊಳೆಯುವ ಜಾಗದ ಪಕ್ಕದ ಬೋರ್ಡು ಒಮ್ಮೆ ನೋಡಿ. ಊಟ ಮಾಡಿದ ತಟ್ಟೆ ಇಲ್ಲಿಡಿ ಎನ್ನಲು ‘ಈಟನ್ ಪ್ಲೇಟ್ಸ್ ಹಿಯರ್’ ಎಂದು ಬರೆಸಿದ್ದರೆ ಅಳಿಸಿ, ‘ಯೂಸ್ಡ್ ಪ್ಲೇಟ್ಸ್’ ಹಾಕಿಸಿ. ಮಕ್ಕಳು ತಿಂದುಹೋದರೂ ಪರವಾಗಿಲ್ಲ, ಸ್ಟೀಲಿನ ತಟ್ಟೆ ದುಬಾರಿ.